ಕೊಳೆ ಔಷಧಿಯ ದಿನಗಳಲ್ಲಿ ಐದು ಎಕ್ಸ್‌ಟ್ರೀಮ್ ಮೆಟಲ್ ಆಲ್ಬಂಗಳು: ಒಂದು ಹೋಲಿಕೆ

ಶಿರಸಿ ತಾಲ್ಲೂಕಿನ ನಮ್ಮ ಮನೆಯ ಕೊಟ್ಟಿಗೆಗೆ ತಾಗಿಕೊಂಡು ತಗಡು ಹೊದೆಸಿದ ಒಂದು ಶೆಡ್ಡು ಇದೆ. ಆಷಾಢದ ಮಳೆ ಆ ತಗಡನ್ನು ಹಿಡಿದು ಬಾರಿಸತೊಡಗಿತೆಂದರೆ ಎದುರಿಗೆ ಕುಳಿತವರು ಆಡುವ ಮಾತೂ ಕಿವಿಗೆ ಬೀಳುವುದಿಲ್ಲ. ಅಂತಹ ಜಾಗದಲ್ಲಿ ಕುಳಿತು ಸಂಗೀತವನ್ನು ಪರೀಕ್ಷಿಸುವುದು ಬುದ್ಧಿವಂತರ ಕೆಲಸವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಎಕ್ಸ್‌ಟ್ರೀಮ್ ಮೆಟಲ್ ಎಂಬ, ವಾದ್ಯ ಕಂಠ ಎರಡನ್ನೂ ಅತಿರೇಕಕ್ಕೆ ಒಯ್ಯುವ ರಾಕ್ ಸಂಗೀತವನ್ನು ಕೇಳುವವರನ್ನು ನಮ್ಮೂರಿನಲ್ಲಿ ಈವರೆಗೆ ಯಾರೂ ಬುದ್ಧಿವಂತರೆಂದು ಕರೆದಿಲ್ಲವಾದ್ದರಿಂದ ನನ್ನ ಮರ್ಯಾದೆಗೆ ಹೊಸದಾಗಿ ಕುಂದೇನೂ ಬರಲಿಲ್ಲ. 2024ರಲ್ಲಿ ಹೊರಬಂದ ಐದು ಆಲ್ಬಂಗಳನ್ನು ಆಮೇಲಿನ ಮಳೆಗಾಲವಿಡೀ ಮೂರು ಕಡೆ ಕೇಳಿದೆ: ಶೆಡ್ಡಿನಲ್ಲಿ ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಲ್ಲಿ, ದೇವಿಮನೆ ಘಟ್ಟ ಇಳಿದು ಕುಮಟಾದ ಕಡೆಗೆ ಹೋಗುವಾಗ ಕಾರಿನಲ್ಲಿ, ರಾತ್ರಿ ಕರೆಂಟು ಹೋದ ಮೇಲೆ ಹಾಸಿಗೆಯಲ್ಲಿ ಇಯರ್‌ಫೋನಿನಲ್ಲಿ.

ಶೆಡ್ಡಿನಲ್ಲಿ ಕೂರುವುದಕ್ಕೆ ಕಾರಣ ಅಡಿಕೆ ತೋಟ. ಮಳೆ ಒಂದಿಷ್ಟು ಹೊಳವಾಗುತ್ತಲೇ ಕೊನೆಗೌಡ ಮರ ಹತ್ತಿ, ಅಡಿಕೆ ಕಾಯಿಯನ್ನು ಕೊಳೆಯಿಸಿ ಉದುರಿಸುವ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು, ಅಷ್ಟರೊಳಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಸಿದ್ಧವಾಗಿರಬೇಕು. ಮಳೆ ಬಿಡದಿದ್ದರೆ ಡ್ರಮ್ಮಿನ ಪಕ್ಕದಲ್ಲಿ ಕಾಯುತ್ತ ಕೂರುವುದೇ ಕೆಲಸ. ಈ ಸಂಗೀತದ ಒಂದು ಕವಲಾದ ಡೆತ್ ಮೆಟಲ್ ತಂಡಗಳು ಶವ, ಹುಳು, ಕೀವು, ನರಕ ಎಂದು ಹೆಸರಿಗಾಗಿ ಪಡುವ ಪಾಡನ್ನು ನೋಡಿದಾಗ, ನಮ್ಮಲ್ಲಿ ಮನೆಮನೆಯಲ್ಲೂ ಊಟದ ಹೊತ್ತಿಗೆ ಆಡುವ ‘ಕೊಳೆರೋಗ’ ಎಂಬ ಪದಕ್ಕೇ ಹೆಚ್ಚು ನಡುಕ ಹುಟ್ಟಿಸುವ ಶಕ್ತಿ ಇದೆ ಎನ್ನಿಸುತ್ತದೆ. ಇಂಗ್ಲಿಷಿನ ಸಸ್ಯರೋಗ ಗ್ರಂಥಗಳೂ ಆ ಹೆಸರನ್ನು ಹಾಗೆಯೇ ಇಟ್ಟುಕೊಂಡಿವೆ. ಕನ್ನಡದ ಬೈಗುಳಕ್ಕೂ ಮೆಟಲ್ ಲೋಕದಲ್ಲಿ ಮಣೆ ಸಿಗುತ್ತದೆ ಎಂಬುದನ್ನು ಬೆಂಗಳೂರಿನ ಬೇವರ್ ಸೀ ತಂಡ ತನ್ನ ಹೆಸರಿನಿಂದಲೇ ತೋರಿಸಿಕೊಟ್ಟಿರುವಾಗ ಕೊಳೆಗೇನು ಕಡಿಮೆ?

ಮೊದಲು ಕೇಳಿದ್ದು ನೈಲ್. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1993ರಲ್ಲಿ ಹುಟ್ಟಿದ, ಆದರೆ ಮನಸ್ಸಿನಲ್ಲಿ ಎಂದೋ ಪ್ರಾಚೀನ ಈಜಿಪ್ಟಿಗೆ ಬಿಡಾರ ಬದಲಿಸಿರುವ ಈ ತಂಡದ ಹತ್ತನೆಯ ಆಲ್ಬಂ ‘ದಿ ಅಂಡರ್‌ವರ್ಲ್ಡ್ ಅವೇಟ್ಸ್ ಅಸ್ ಆಲ್’. ಅದರ ಒಂದು ಹಾಡಿನ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಾಗುತ್ತದೆ: ‘ಪಾತಾಳದಲ್ಲಿ ಶೂಲಕ್ಕೆ ತಲೆಕೆಳಗಾಗಿ ನೇತುಬೀಳದೆ, ನಾಲ್ಕು ಕಪಿಗಳ ಕೈಯಿಂದ ಮಲ ತಿನ್ನಿಸಿಕೊಳ್ಳದೆ ಇರುವುದಕ್ಕಾಗಿ ಅಧ್ಯಾಯ’. ಇದು ಬರೀ ತಮಾಷೆಗೆ ಕಟ್ಟಿದ್ದೆಂದು ತಿಳಿಯಬಾರದು. ಈಜಿಪ್ಟಿನವರು ಸತ್ತವರ ಜೊತೆಗಿಡುತ್ತಿದ್ದ ಬರಹಗಳಲ್ಲಿ, ಪರಲೋಕದಲ್ಲಿ ತಲೆಕೆಳಗಾಗಿ ನಡೆಯದಿರುವುದಕ್ಕೂ ಹೇಸಿಗೆ ತಿನ್ನದಿರುವುದಕ್ಕೂ ನಿಜವಾಗಿಯೇ ಮಂತ್ರಗಳಿವೆ. ಗರುಡಪುರಾಣದಲ್ಲಿ ಪಾಪಿಗಳನ್ನು ಕಾದೆಣ್ಣೆಯಲ್ಲಿ ಕರಿಯುವ ಭಾಗವನ್ನು ಕೇಳಿಸಿಕೊಂಡು, ಮುಂದೆ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ಕುಳಿತು ಎಣ್ಣೆಯಲ್ಲಿ ಕರಿದ ವಡೆಯನ್ನು ಎರಡನೆಯ ಸಲ ಹಾಕಿಸಿಕೊಂಡ ನಮ್ಮಂಥವರು ಈ ಕಪಿಗಳಿಗೆ ಬೆಚ್ಚುವ ಪೈಕಿಯಲ್ಲ.

ಹಾಡಿನ ಹೆಸರಿನಲ್ಲಿ ಎಷ್ಟು ಹುಚ್ಚಿದೆಯೋ ನುಡಿಸುವುದರಲ್ಲಿ ಅಷ್ಟೇ ಶಿಸ್ತಿದೆ. ಡ್ರಮ್ಮಿನಲ್ಲಿ ಗ್ರೀಸ್ ದೇಶದ ಜಾರ್ಜ್ ಕೋಲಿಯಾಸ್. ಕೋಲಿನಿಂದ ಬಡಿಯುವ ಸ್ನೇರ್ ಡ್ರಮ್ಮು, ಕಾಲಿನಿಂದ ಒದೆಯುವ ಕಿಕ್ ಡ್ರಮ್ಮು, ಸಿಂಬಲ್ ಎಂಬ ತಾಳದ ತಟ್ಟೆ ಮೂರನ್ನೂ ಉಸಿರು ಬಿಡದಂತೆ ಬಡಿಯುವ ಬ್ಲಾಸ್ಟ್ ಬೀಟ್ ಅವರಿಗೆ ನಡಿಗೆಯಷ್ಟು ಸಲೀಸು. ತಗಡಿನ ಮೇಲಿನ ಮಳೆಯಲ್ಲಿ ತಗ್ಗಿನಿಂದ ಎತ್ತರದವರೆಗಿನ ಎಲ್ಲ ಸ್ಥಾಯಿಗಳ ಸದ್ದೂ ಬೆರೆತಿರುವುದರಿಂದ ಸಿಂಬಲ್ಲಿನ ಸುಯ್ಯೆನ್ನುವ ದನಿ ಮತ್ತು ಒಂದೇ ತಂತಿಯನ್ನು ಸರಸರನೆ ಮೀಟುವ ಗಿಟಾರು ಮೊದಲು ಮುಳುಗುತ್ತವೆ. ಸ್ಪೀಕರು ಚಿಕ್ಕದಾದ್ದರಿಂದ ಬೇಸಂತೂ ಹೊರಗೇ ಬರುವುದಿಲ್ಲ. ಆದರೆ ಇಂದಿನ ಡೆತ್ ಮೆಟಲ್‌ನಲ್ಲಿ ಕಿಕ್ ಡ್ರಮ್ಮಿನ ‘ಧಂ’ ಕಡಿಮೆ ಮಾಡಿ ‘ಟಕ್’ ಹೆಚ್ಚಿಸುವ ರೂಢಿ ಇದೆ. ಹಾಗಾಗಿ ಉಳಿದವರೆಲ್ಲ ಮಳೆಯಲ್ಲಿ ಕೊಚ್ಚಿಹೋದ ಮೇಲೂ ಕೋಲಿಯಾಸರ ಎರಡು ಕಾಲುಗಳು, ಹಳೆಯ ಕಚೇರಿಯ ಗುಮಾಸ್ತನೊಬ್ಬ ಹೊತ್ತು ಮೀರಿ ಬಂದ ಅರ್ಜಿದಾರನ ಮೇಲಿನ ಸಿಟ್ಟನ್ನು ಟೈಪ್‌ರೈಟರಿನ ಮೇಲೆ ತೀರಿಸಿಕೊಳ್ಳುತ್ತಿರುವಂತೆ, ಸ್ಪಷ್ಟವಾಗಿ ಕೇಳುತ್ತಲೇ ಇದ್ದವು. ಸುಣ್ಣ ಕದಡುವ ಕೈಗೆ ಇದರಷ್ಟು ಹುರುಪು ಕೊಟ್ಟ ಆಲ್ಬಂ ಬೇರೊಂದಿಲ್ಲ. ಘಟ್ಟದಲ್ಲಿ ಮಾತ್ರ ಇದನ್ನು ಹಾಕಲೇಬಾರದು. ಬಲಗಾಲು ತನಗೆ ತಿಳಿಯದೆಯೇ ಆಕ್ಸಿಲರೇಟರಿನ ಮೇಲೆ ತಾಳ ಹಾಕತೊಡಗುತ್ತದೆ. ದೇವಿಮನೆಯ ಮೂರನೆಯ ತಿರುವಿನಲ್ಲಿ ಎದುರಿನಿಂದ ಟ್ಯಾಂಕರು ಬಂದಾಗ, ಪಾತಾಳ ನಮ್ಮೆಲ್ಲರಿಗಾಗಿ ಕಾದಿದೆ ಎಂಬ ಆಲ್ಬಂ ಹೆಸರು ಸುಮ್ಮನೆ ಇಟ್ಟದ್ದಲ್ಲ ಎಂದು ಅರ್ಥವಾಗಿ ಬಂದ್ ಮಾಡಿದೆ.

ಇದರ ನೇರ ಎದುರಾಳಿ ನ್ಯೂಜಿಲೆಂಡಿನ ಆಕ್ಲೆಂಡಿನಿಂದ ಬಂದ ಅಲ್ಸರೇಟ್. ತಂಡದಲ್ಲಿರುವುದು ಮೂವರೇ: ಡ್ರಮ್ಮಿನಲ್ಲಿ ಜೇಮಿ ಸೇಂಟ್ ಮೆರಾ, ಗಿಟಾರಿನಲ್ಲಿ ಮೈಕೆಲ್ ಹಾಗರ್ಡ್, ಬೇಸ್ ಮತ್ತು ಕಂಠದಲ್ಲಿ ಪಾಲ್ ಕೆಲ್ಲಂಡ್. ಏಳನೆಯ ಆಲ್ಬಂ, ಏಳು ಹಾಡು, ಒಂದು ತಾಸಿಗೆ ತುಸು ಕಡಿಮೆ. ಹೆಸರು ‘ಕಟಿಂಗ್ ದ ಥ್ರೋಟ್ ಆಫ್ ಗಾಡ್’. ಇದರ ಅರ್ಥವನ್ನು ಆಯಿಗೆ ಹೇಳುವ ಕಾರ್ಯಕ್ರಮವನ್ನು ಚೌತಿ ಹಬ್ಬ ಮುಗಿಯುವವರೆಗೆ ಮುಂದೂಡಿದ್ದವನು ಇನ್ನೂ ಮುಂದೂಡುತ್ತಲೇ ಇದ್ದೇನೆ. ಶೆಡ್ಡಿನ ಪರೀಕ್ಷೆಯಲ್ಲಿ ಇದು ಪೂರ್ತಿ ನಪಾಸಾಯಿತು. ಒಂದಕ್ಕೊಂದು ಹೊಂದದ ಸ್ವರಗಳನ್ನು ಬೇಕೆಂದೇ ಪಕ್ಕಪಕ್ಕದಲ್ಲಿಟ್ಟು ಕಟ್ಟಿದ ಗಿಟಾರಿನ ಎಳೆಗಳೆಲ್ಲ ಮಳೆಯಲ್ಲಿ ಕಲಸಿಹೋಗಿ, ಉಳಿದದ್ದು ಏನೋ ತಿರುಗುತ್ತಿರುವ, ಆದರೆ ಸರಿಯಾಗಿ ತಿರುಗದ ಒಂದು ಸದ್ದು. ಕೊಡೆ ಹಿಡಿದು ಬಂದ ಅಪ್ಪಯ್ಯ ಸ್ವಲ್ಪ ಹೊತ್ತು ಕಿವಿಗೊಟ್ಟು, “ಪಂಪಿನ ಬೇರಿಂಗ್ ಹೋಜಾ ತಮಾ?” ಎಂದು ಕಳವಳದಿಂದ ಕೇಳಿದರು. ಈ ಆಲ್ಬಂ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಅದೇ ಆಲ್ಬಂ ರಾತ್ರಿಯಲ್ಲಿ ಬೇರೆಯೇ ಆಯಿತು. ಹಂಚಿನ ಮೇಲಿನ ಮಳೆಗೆ ತಗಡಿನ ಮಳೆಯ ಜಗಳಗಂಟತನ ಇರುವುದಿಲ್ಲ. ಕರೆಂಟು ಹೋಗಿ ಫ್ರಿಜ್ಜಿನ ಗುಂಯ್‌ಗುಡುವಿಕೆಯೂ ನಿಂತ ಮೇಲೆ, ಡ್ರಮ್ಮು ತಾಳ ಹಿಡಿಯುವ ಆಳಾಗಿರದೆ ಗಿಟಾರಿನ ಜೊತೆ ವಾದಕ್ಕೆ ಕುಳಿತಿರುವುದು, ಇನ್ನೇನು ಮುಗಿಯಿತು ಎನ್ನುವಾಗ ಸ್ವರ ನೆಲೆಗೆ ಬಾರದೆ ಮತ್ತೊಂದು ಮಗ್ಗುಲಿಗೆ ಹೊರಳುವುದು, ಎಲ್ಲವೂ ಬಿಡಿಬಿಡಿಯಾಗಿ ಕೇಳಿಸತೊಡಗಿದವು. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ನಿಂತು ಬೊಬ್ಬೆ ಹೊಡೆದು, ಕಿರೀಟದ ತುದಿಯನ್ನಷ್ಟೇ ತೋರಿಸಿ, ಮತ್ತೆ ಅಡಗಿ ಸಭೆಯನ್ನು ಕಾಯಿಸುತ್ತದಲ್ಲ, ಅಲ್ಸರೇಟ್ ಆ ತೆರೆಯನ್ನು ಐವತ್ತು ನಿಮಿಷ ಇಳಿಸುವುದೇ ಇಲ್ಲ. ನೈಲ್ ತೆರೆಯನ್ನು ಹರಿದುಕೊಂಡೇ ರಂಗಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಕಾಯಿಸುವ ರಾಕ್ಷಸನೇ ಮೇಲು. ದೂರು ಒಂದೇ: ಈ ಮೂವರಿಗೆ ನಗು ಎಂಬುದು ಗೊತ್ತೇ ಇಲ್ಲ. ಏಳು ಹಾಡುಗಳ ನಡುವೆ ಯಾರಾದರೊಬ್ಬರು ಒಮ್ಮೆ ಸೀನಿದ್ದರೂ ಸಾಕಿತ್ತು, ಮನುಷ್ಯರೇ ನುಡಿಸಿದ್ದು ಎಂದು ಸಮಾಧಾನವಾಗುತ್ತಿತ್ತು.

ಬ್ಲಡ್ ಇನ್‌ಕ್ಯಾಂಟೇಷನ್ ಎಂಬ ಅಮೆರಿಕದ ಡೆನ್ವರಿನ ತಂಡ 2024ರ ಅಕ್ಟೋಬರಿನಲ್ಲಿ ತಂದ ‘ಅಬ್ಸಲ್ಯೂಟ್ ಎಲ್ಸ್‌ವೇರ್’ ಬರ್ಲಿನ್ನಿನ ಹನ್ಸಾ ಸ್ಟುಡಿಯೊದಲ್ಲಿ ಧ್ವನಿಮುದ್ರಿತವಾದದ್ದು. ಅದರಲ್ಲಿರುವುದು ಇಪ್ಪತ್ತು ನಿಮಿಷದ ಆಸುಪಾಸಿನ ಎರಡೇ ರಚನೆಗಳು, ಒಂದೊಂದರಲ್ಲಿ ಮೂರು ಭಾಗ, ಪ್ರತಿ ಭಾಗಕ್ಕೂ ‘ಟ್ಯಾಬ್ಲೆಟ್’ ಎಂದು ಹೆಸರು. ಪುರಾತನ ಫಲಕಗಳೆಂಬ ಅರ್ಥದಲ್ಲಿ ಇಟ್ಟದ್ದಿರಬೇಕು. ಆದರೂ ಒಟ್ಟು ಆರು ಟ್ಯಾಬ್ಲೆಟ್ಟನ್ನು ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕೋ ಊಟದ ನಂತರವೋ ಎಂಬುದನ್ನು ಅವರು ಬರೆಯಬೇಕಿತ್ತು. ಎರಡನೆಯ ಟ್ಯಾಬ್ಲೆಟ್ಟಿನಲ್ಲಿ ಜರ್ಮನಿಯ ಟ್ಯಾಂಜರೀನ್ ಡ್ರೀಮ್ ತಂಡದ ಥಾರ್ಸ್ಟನ್ ಕ್ವೆಶ್ನಿಂಗ್ ಅವರ ಸಿಂಥಸೈಜರು ಸೇರಿ, ಡೆತ್ ಮೆಟಲ್ ಕರಗಿ ಆಕಾಶದಲ್ಲಿ ತೇಲುವಂತಹ ಸಂಗೀತವಾಗುತ್ತದೆ. ನನ್ನ ಶೆಡ್ಡಿನಲ್ಲಿ ಅದು ತೇಲಲಿಲ್ಲ, ಮಾಯವೇ ಆಯಿತು. ಸ್ಪೀಕರಿನ ಚಾರ್ಜು ಮುಗಿಯಿತೆಂದು ತಿಳಿದು ಮೈಲುತುತ್ತ ಮೆತ್ತಿದ ಕೈಯಲ್ಲೇ ಗುಂಡಿಗಳನ್ನು ಒತ್ತುತ್ತ ಧ್ವನಿಯನ್ನು ತುದಿಗೆ ಏರಿಸಿದ್ದೆ. ಅಷ್ಟರಲ್ಲಿ ಮಳೆ ಒಮ್ಮೆಲೇ ತೆರಪು ಕೊಡುವುದಕ್ಕೂ ಡೆತ್ ಮೆಟಲ್ ಮರಳಿ ಬರುವುದಕ್ಕೂ ಸರಿಹೋಗಿ, ಪಕ್ಕದ ಕೊಟ್ಟಿಗೆಯ ಆಕಳು ಹಗ್ಗ ಜಗ್ಗಿ ಗೂಟವನ್ನೇ ಅಲುಗಿಸಿತು. ಆ ದಿನ ಸಂಜೆ ಅದು ಹಾಲನ್ನು ಲೆಕ್ಕ ಹಾಕಿಯೇ ಕೊಟ್ಟಿತು.

ಕಾರಿನಲ್ಲಿ ಮಾತ್ರ ಇದಕ್ಕೆ ಸರಿಸಾಟಿ ಇರಲಿಲ್ಲ. ಕುಮಟಾ ದಾಟಿ ಕಾರವಾರದ ಕಡೆಗೆ ಹೆದ್ದಾರಿ 66 ಹಿಡಿದಾಗ, ಗಂಗಾವಳಿ ಸೇತುವೆಯ ಮೇಲೆ ಕೆಂಪು ನೀರು ಎರಡೂ ಬದಿಗೆ ಹರಡಿಕೊಳ್ಳುತ್ತಿರುವಂತೆಯೇ ಆ ಸಿಂಥಸೈಜರಿನ ಭಾಗ ಬಂತು. ಮಾತಾಡಬೇಕೆನ್ನಿಸಲಿಲ್ಲ. ಒಂದೇ ಹಾಡಿನಲ್ಲಿ ಹತ್ತು ವೇಷ ಬದಲಿಸುವ ಚಪಲ ಈ ತಂಡಕ್ಕಿದೆ ಎಂಬ ಆಕ್ಷೇಪವನ್ನು ಶೆಡ್ಡಿನಲ್ಲಿ ಒಪ್ಪುತ್ತಿದ್ದೆ, ಸೇತುವೆಯ ಮೇಲೆ ಒಪ್ಪಲಾರೆ.

ಉಳಿದ ಎರಡೂ 2024ರ ಏಪ್ರಿಲ್ 26ರಂದು, ಒಂದೇ ದಿನ ಬಂದವು. ಅಮೆರಿಕದ ಡೆತ್ ಮೆಟಲ್ ತಂಡ ಡೀಸೈಡ್‌ನ ‘ಬ್ಯಾನಿಷ್ಡ್ ಬೈ ಸಿನ್’ ಬಗ್ಗೆ ಹೆಚ್ಚು ಹೇಳುವಂತಹದ್ದಿಲ್ಲ. ಮುಖಪುಟದ ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ್ದಕ್ಕೆ ಅಭಿಮಾನಿಗಳೇ ಬೈದರು. ದಶಕಗಳಿಂದ ದೇವರನ್ನು ಬೈದದ್ದಕ್ಕೆ ಸಿಟ್ಟಾಗದವರು ಚಿತ್ರಕಾರನನ್ನು ಬಿಟ್ಟದ್ದಕ್ಕೆ ಸಿಟ್ಟಾದರು. ಸಂಗೀತ ಕೆಟ್ಟದಾಗಿಲ್ಲ, ಹಳೆಯ ಹದವೇ; ಕೇಳಿ ಮುಗಿಸಿದ ಅರ್ಧ ತಾಸಿಗೆ ಒಂದು ಸಾಲೂ ನೆನಪಿರಲಿಲ್ಲ.

ನಾರ್ವೆಯ ಡಾರ್ಕ್‌ಥ್ರೋನ್‌ನ ‘ಇಟ್ ಬೆಕನ್ಸ್ ಅಸ್ ಆಲ್’ ಇಬ್ಬರೇ ಸೇರಿ ಮಾಡಿದ್ದು. ಅವರಲ್ಲೊಬ್ಬರಾದ ಫೆನ್ರಿಜ್, ತಮಗೆ ಮತ ಹಾಕಬೇಡಿ ಎಂದು ಬೆಕ್ಕನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡೂ ತಮ್ಮ ಊರಿನ ಸಭೆಗೆ ಬದಲಿ ಸದಸ್ಯರಾಗಿ ಆರಿಸಿಬಂದವರು. ನಮ್ಮ ಪಂಚಾಯತಿಯಲ್ಲಿ ಮನೆಮನೆಗೆ ಹೋಗಿ ಕೈಮುಗಿದು ಸೋತವರಿಗೆ ಈ ವಿಷಯ ತಿಳಿಸಿಲ್ಲ. ಒಂದು ಕಾಲದಲ್ಲಿ ಬ್ಲ್ಯಾಕ್ ಮೆಟಲ್ ಎಂಬ ಇನ್ನೊಂದು ಕವಲಿಗೆ ದಾರಿ ಹಾಕಿದ ಈ ತಂಡ ಈಗ ನಿಧಾನಕ್ಕೆ, ಎತ್ತಿನ ಗಾಡಿ ಏರು ಹತ್ತುವ ಗತ್ತಿನಲ್ಲಿ ನುಡಿಸುತ್ತದೆ. ಎಡೆಯೆಡೆಯಲ್ಲಿ ಬಿಡುವಿರುವುದರಿಂದ ತಗಡಿನ ಮಳೆಯಲ್ಲೂ ಗಿಟಾರಿನ ಒಂದೊಂದು ಹೊಡೆತ ಬೇರೆಬೇರೆಯಾಗಿ ಕೇಳುತ್ತದೆ. ನನಗೆ ಇದು ಸ್ವಲ್ಪ ಸಪ್ಪೆ ಎನ್ನಿಸಿತು.

ಫೋನಿನಲ್ಲಿ ಈಗ ಅಲ್ಸರೇಟ್ ರಾತ್ರಿಗೆಂದೂ ಬ್ಲಡ್ ಇನ್‌ಕ್ಯಾಂಟೇಷನ್ ಹೆದ್ದಾರಿಗೆಂದೂ ಉಳಿದಿವೆ, ಸುಣ್ಣ ಕದಡುವುದು ಇರುವ ತನಕ ನೈಲ್ ಇರುತ್ತದೆ, ಡೀಸೈಡ್ ಅಳಿಸಿಯಾಯಿತು. ಡಾರ್ಕ್‌ಥ್ರೋನನ್ನೂ ಅಳಿಸುವವನಿದ್ದೆ. ಆದರೆ ಎರಡನೆಯ ಸುತ್ತಿನ ಔಷಧಿಗೆ ಬಂದ ಕೊನೆಗೌಡ, ಮಳೆ ಬಿಡಲೆಂದು ಶೆಡ್ಡಿನಲ್ಲಿ ಕವಳ ಹಾಕುತ್ತ ಕುಳಿತು ಐದನ್ನೂ ಒಂದೊಂದು ತುಣುಕು ಕೇಳಿ, ಇದೊಂದಕ್ಕೆ ಮಾತ್ರ ಕಾಲಲ್ಲಿ ತಾಳ ಹಾಕಿದ. ಬಾಯಲ್ಲಿ ಕವಳ ತುಂಬಿದ್ದರಿಂದ ಮಾತಾಡದೆ, ಅದನ್ನೇ ಮತ್ತೊಮ್ಮೆ ಹಾಕುವಂತೆ ಬೆರಳಲ್ಲಿ ಸನ್ನೆ ಮಾಡಿದ.