ಅಲಾರಂ, ಆ್ಯಪ್, ಎಲೆಕ್ಟ್ರಾನಿಕ್ ಡಬ್ಬಿ: ಅಮ್ಮನ ಮಾತ್ರೆಗಳಿಗೆ ಯಾವುದು ಒದಗಿತು?

ಅಮ್ಮನಿಗೆ ಥೈರಾಯ್ಡ್, ರಕ್ತದೊತ್ತಡ, ಕ್ಯಾಲ್ಸಿಯಂ ಮಾತ್ರೆಗಳಿವೆ. ಥೈರಾಯ್ಡ್‌ನ ಮಾತ್ರೆ ಲೆವೊಥೈರಾಕ್ಸಿನ್ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ ನುಂಗಲು ಆಮೇಲೆ 4 ಗಂಟೆಯಾದರೂ ಕಾಯಬೇಕು, ಇಲ್ಲವಾದರೆ ಥೈರಾಯ್ಡ್ ಔಷಧವನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಇದನ್ನು ನಿಭಾಯಿಸಲು ಮೂರು ಸಾಧನಗಳನ್ನೂ ಬಳಸಿ ನೋಡಿದೆವು.

ಮೊಬೈಲಿನ ಅಲಾರಂ ದಿನಕ್ಕೊಂದೇ ಮಾತ್ರೆ ಇರುವವರಿಗೆ ಸಾಕು. ಸದ್ದು ಅಡಗಿಸಿದರೆ ಅದರ ಕೆಲಸ ಮುಗಿಯಿತು.

ನಿಜವಾದ ತೊಂದರೆ ಮರೆವಲ್ಲ, ಅನುಮಾನ. "ಆಗಲೇ ತೆಗೆದುಕೊಂಡೆನೋ ಇಲ್ಲವೋ?" ಎಂದು ರಕ್ತದೊತ್ತಡದ ಮಾತ್ರೆಯನ್ನು ಎರಡನೇ ಸಲ ನುಂಗಿದರೆ ಒತ್ತಡ ತೀರಾ ಇಳಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಇಲ್ಲಿ ಗೆದ್ದದ್ದು ಡಬ್ಬಿ. ಹೊತ್ತಿಗೊಂದು ಖಾನೆ, ಸಮಯಕ್ಕೆ ದೀಪ ಮಿನುಗುತ್ತದೆ, ಮುಚ್ಚಳ ತೆರೆದ ಗಳಿಗೆ ದಾಖಲಾಗುತ್ತದೆ. ಖಾನೆ ಖಾಲಿಯಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಆದರೆ ವಾರಕ್ಕೊಮ್ಮೆ ಯಾರಾದರೂ ಜಾಗರೂಕತೆಯಿಂದ ತುಂಬಿಡಬೇಕು. ಎಲ್ಲ ಔಷಧಗಳನ್ನೂ ಹಾಗೆ ತೆಗೆದಿಡುವಂತಿಲ್ಲ: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಡಾಬಿಗ್ಯಾಟ್ರಾನ್ ಕ್ಯಾಪ್ಸೂಲ್ ತೇವಕ್ಕೆ ಕೆಡುವುದರಿಂದ ಮೂಲ ಪೊಟ್ಟಣದಲ್ಲೇ ಇರಬೇಕು.

ಮುಚ್ಚಳ ತೆರೆದವರು ಮಾತ್ರೆ ನುಂಗಿದರೇ ಎಂಬುದು ಡಬ್ಬಿಗೆ ತಿಳಿಯದು. ಅದನ್ನೂ ಪತ್ತೆಹಚ್ಚಲು, ಹೊಟ್ಟೆಯೊಳಗಿಂದಲೇ ಸಂಕೇತ ಕಳಿಸುವ ಸೆನ್ಸರ್ ಅಡಗಿಸಿದ ಅರಿಪಿಪ್ರಜೋಲ್ ಎಂಬ ಮನೋರೋಗದ ಮಾತ್ರೆಗೆ ಅಮೆರಿಕ 2017ರಲ್ಲಿ ಅನುಮತಿ ಕೊಟ್ಟಿತು. ಅಮ್ಮನ ಮೇಲೆ ಅಂಥ ಕಾವಲು ನನಗೆ ಬೇಡ.

ಆ್ಯಪ್ ವಿಷಯದಲ್ಲಿ ಮೊದಮೊದಲು ಬೇಸರವೇ ಆಯಿತು. ಬ್ಯಾಟರಿ ಉಳಿಸುವ ವ್ಯವಸ್ಥೆ ಅದನ್ನು ಹಿನ್ನೆಲೆಯಲ್ಲಿ ನಿಲ್ಲಿಸಿಬಿಡುತ್ತಿತ್ತು, ನೆನಪಿಸುವ ಸಂದೇಶ ಬರುತ್ತಲೇ ಇರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ವಿನಾಯಿತಿ ಕೊಟ್ಟ ಮೇಲೆ ಸರಿಹೋಯಿತು. ಮಾತ್ರೆ ಮುಗಿಯುವ ಮುಂಚೆ ಎಚ್ಚರಿಸುತ್ತದೆ, ಹೊತ್ತು ಮೀರಿದರೆ ನನ್ನ ಫೋನಿಗೂ ತಿಳಿಸುತ್ತದೆ. ಎಲ್ಲಕ್ಕಿಂತ ನನಗೆ ಮುಖ್ಯವೆನಿಸಿದ್ದು, ಮಾತ್ರೆ ಬಿಟ್ಟರೆ ಕಾರಣ ಬರೆಯಲು ಅದರಲ್ಲಿರುವ ಪುಟ್ಟ ಜಾಗ.

ಅಭಿವೃದ್ಧಿ ಹೊಂದಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಯವರಲ್ಲಿ ಸರಾಸರಿ ಅರ್ಧದಷ್ಟು ಮಂದಿ ಮಾತ್ರ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಅವರೆಲ್ಲ ಮರೆಗುಳಿಗಳಲ್ಲ. ಅಡ್ಡಪರಿಣಾಮಕ್ಕೆ ಹೆದರಿ, ದುಡ್ಡಿಲ್ಲದೆ, ಗುಣವಾಯಿತೆಂದುಕೊಂಡು ಬಿಡುವವರೂ ಇದ್ದಾರೆ. ಅಂಥವರ ಮುಂದೆ ಎಷ್ಟು ಸಲ ಗಂಟೆ ಬಾರಿಸಿದರೇನು?

ಅಮ್ಮನ ಆ್ಯಪ್‌ನಲ್ಲಿ "ತಲೆ ಸುತ್ತು" ಎಂಬ ಕಾರಣ ಮತ್ತೆ ಮತ್ತೆ ಕಾಣಿಸಿತು. ವೈದ್ಯರು ಆ ಪಟ್ಟಿಯನ್ನು ನೋಡಿ, ಒತ್ತಡವನ್ನು ಅಳೆದು, ಮಾತ್ರೆಯ ಪ್ರಮಾಣವನ್ನೇ ಇಳಿಸಿದರು. ಈಗ ಡಬ್ಬಿ, ಆ್ಯಪ್ ಎರಡೂ ಉಳಿದಿವೆ, ಅಲಾರಂ ತೆಗೆದುಹಾಕಿದ್ದೇವೆ.