ಬಾಕಿ ಪಗಾರ, ಕೈಗಡ ವಸೂಲಿಗೆ ಕಲಬುರಗಿಯ ಲೋಕ ಅದಾಲತ್: ಯಾರಿಗೆ ಉಪಯೋಗ, ಯಾರಿಗಲ್ಲ

ಕರೆದರೆ ಬರುವ ಮನುಷ್ಯನಿಂದ ರೊಕ್ಕ ಬರಬೇಕಿದ್ದರೆ, ಎರಡೂ ಕಡೆಯವರಿಗೆ ರಾಜಿ ಮಾಡಿಸುವ ಲೋಕ ಅದಾಲತ್ತಿನ ದಾರಿಗೆ ಐದಕ್ಕೆ ನಾಲ್ಕು ಅಂಕ. "ಏನ್ ಮಾಡ್ಕೋತಿ ಮಾಡ್ಕೋ ಹೋಗು" ಅನ್ನುವವನಾದರೆ ಒಂದೇ.

ದಾಲ್ ಮಿಲ್ಲಿನ ಹಮಾಲಿ, ಫರ್ಶಿ ಹಾಸಿದ ಕೂಲಿ, ನಂಟಸ್ತಿಕೆಯಲ್ಲಿ ಕೊಟ್ಟ ಕೈಗಡ, ಇಂಥ ಸಣ್ಣ ಬಾಕಿಗೆ ಮೊದಲೇ ಕೇಸು ಹಾಕಬೇಕಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ಆಳಂದ, ಸೇಡಂ ಕಡೆಯವರು ತಮ್ಮ ತಾಲೂಕಿನ ಸಮಿತಿಗೆ, ವ್ಯಾಜ್ಯಪೂರ್ವ (ಕೇಸಿಗೆ ಮೊದಲಿನ) ಅರ್ಜಿ ಕೊಟ್ಟರಾಯಿತು. ಕೋರ್ಟ್ ಫೀ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ. ಅದಾಲತ್ತಿಗೆ ಬರಲು ಎದುರುದಾರನಿಗೆ ನೋಟಿಸು ಹೋಗುತ್ತದೆ. ವಿಚಾರಿಸಲು ಸಹಾಯವಾಣಿ 15100. ರಾಜಿಯಾದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅದಾಲತ್ತಿನ ಆದೇಶ ಸಿವಿಲ್ ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಮೇಲ್ಮನವಿಯೂ ಇಲ್ಲ.

ಅರ್ಜಿಯಲ್ಲಿ "ಎರಡು ತಿಂಗಳ ಪಗಾರ ಕೊಟ್ಟಿಲ್ಲ" ಅಂತಷ್ಟೇ ಬರೆದರೆ ಅರ್ಧ ದಿನ ಲೆಕ್ಕದ ಜಗಳಕ್ಕೇ ಹೋಗುತ್ತದೆ. ಹೀಗೆ ಬರೆಯಿರಿ: 52 ದಿನ, ದಿನಕ್ಕೆ 600, ಒಟ್ಟು 31,200, ಉಚಲ (ಮುಂಗಡ) ಪಡೆದದ್ದು 7,200, ಬಾಕಿ 24,000. ಉಚಲ ಮುಚ್ಚಿಟ್ಟರೆ ಮಾಲೀಕ ಅದನ್ನೇ ಹಿಡಿದು ಇಡೀ ಲೆಕ್ಕ ಸುಳ್ಳೆನ್ನುತ್ತಾನೆ. ಹಾಜರಿ ಚೀಟಿ, ಫೋನ್‌ಪೇ ನಮೂದು, ವಾಟ್ಸಾಪ್‌ನಲ್ಲಿ "ಮುಂದಿನ ವಾರ ಕೊಡ್ತೀನಿ" ಎಂದ ಸಂದೇಶ ಜೊತೆಗಿರಲಿ. ಮಿಲ್ಲಿನ ಬೋರ್ಡಿನ ಹೆಸರು ಸಾಲದು. ಮಾಲೀಕನ ಹೆಸರು, ಮನೆ ವಿಳಾಸ ಬೇಕು. ನೋಟಿಸು ವಾಪಸು ಬರುವುದು ಹೆಚ್ಚಾಗಿ ಇಲ್ಲೇ.

ಎಲ್ಲರೂ ಎಡವುವುದು ಸಹಿ ಹಾಕುವ ಹೊತ್ತಿಗೆ. ರಾಜಿಯಾಯಿತೆಂಬ ಖುಷಿಯಲ್ಲಿ "ಕಂತಿನಲ್ಲಿ ಕೊಡುತ್ತಾರೆ" ಎಂಬ ಸಾಲಿಗೆ ಒಪ್ಪಿಬಿಡುತ್ತಾರೆ. ತಿಂಗಳಿಗೆ 6,000ದಂತೆ ನಾಲ್ಕು ಕಂತು, ಪ್ರತಿ ತಿಂಗಳ 10ನೇ ತಾರೀಖಿನೊಳಗೆ, ಇಂಥ ಖಾತೆಗೆ, ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಬಡ್ಡಿ ಸಮೇತ ಒಮ್ಮೆಲೇ ಕೊಡತಕ್ಕದ್ದು: ಇಷ್ಟೂ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಕೊನೆಯ ಷರತ್ತು ಬಿಟ್ಟುಹೋದರೆ ತಪ್ಪಿದ ಒಂದೊಂದು ಕಂತಿಗೂ ಅಲೆಯಬೇಕಾದೀತು.

ದೊಡ್ಡ ಕೊರತೆ ಎಂದರೆ, ಎದುರಿನವನು ಬಾರದಿದ್ದರೆ ಅಥವಾ ಒಪ್ಪದಿದ್ದರೆ ಅದಾಲತ್ ತಾನಾಗಿ ತೀರ್ಪು ಕೊಡುವುದಿಲ್ಲ. ಮುಂದೆ ಕೈಗಡಕ್ಕೆ ಸಿವಿಲ್ ದಾವೆಯೇ ಗತಿ, ಪಗಾರಕ್ಕಾದರೆ ಕಾರ್ಮಿಕ ಇಲಾಖೆಗೂ ದೂರು ಕೊಡಬಹುದು. ಕೈಗಡದ ದಾವೆಗೆ ಗಡುವು 3 ವರ್ಷ. ಅದಾಲತ್‌ಗೆ ಅರ್ಜಿ ಹಾಕಿದ್ದೇವಲ್ಲ ಎಂದು ಸುಮ್ಮನೆ ಕೂತರೆ ಅದು ಕಳೆದೇಹೋಗುತ್ತದೆ. ಗಡುವು ಮುಗಿಯುವ ಮೊದಲೇ ಸಾಲ ಒಪ್ಪಿದ ಸಹಿಯ ಕಾಗದ ಸಿಕ್ಕರೆ ಎಣಿಕೆ ಹೊಸದಾಗಿ ಶುರು. ಚೆಕ್ ಬೌನ್ಸ್ ಆಗಿದ್ದರಂತೂ ಕಾಯಲೇಬೇಡಿ: ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸು, ಅದು ಮುಟ್ಟಿದ ಮೇಲೆ ರೊಕ್ಕ ಕೊಡಲು ಚೆಕ್ ಕೊಟ್ಟವನಿಗೆ 15 ದಿನ, ನಂತರ ಒಂದು ತಿಂಗಳೊಳಗೆ ದೂರು.

ದಾವೆಗೆ ವಕೀಲರ ಖರ್ಚಿನ ಚಿಂತೆಯಿದ್ದರೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಪ್ರಾಧಿಕಾರವೇ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ರಾಜಿ ಆದಮೇಲೂ ಕೊಡದಿದ್ದರೆ ಕೋರ್ಟಿಗೆ ಅಮಲ್ಜಾರಿ (ಆದೇಶ ಜಾರಿ ಮಾಡಿಸುವ) ಅರ್ಜಿ. ಆದೇಶದ ದೃಢೀಕೃತ ಪ್ರತಿ ಅಂದೇ ಕೇಳಿ ಇಟ್ಟುಕೊಳ್ಳಿ. ಜಪ್ತಿಗೆ ಅವನ ಆಸ್ತಿಯ ಅಥವಾ ಬ್ಯಾಂಕ್ ಖಾತೆಯ ವಿವರ ನೀವೇ ತೋರಿಸಬೇಕು. ಹಿಂದೆ ಯುಪಿಐನಲ್ಲಿ ಪಗಾರ ಹಾಕಿದ್ದರೆ ನಿಮ್ಮ ಪಾಸ್‌ಬುಕ್ಕಿನ ಆ ಸಾಲು ನೋಡಿ. ಬ್ಯಾಂಕಿನ ಸುಳಿವು ಅಲ್ಲೇ ಸಿಕ್ಕೀತು.