ಮಾತು ಕೊಟ್ಟ ಮತ್ಸ್ಯಕನ್ಯೆ: ಒಂದೇ ಕಥೆ, ನಾಲ್ಕು ಸಿನಿಮಾ

ಆಷಾಢದ ಮಳೆ ಹಿಡಿದುಕೊಂಡಿತ್ತು. ಹನುಮಂತನಗರದ ನಮ್ಮ ಮನೆಯಿಂದ ಭಾನುವಾರ ಸಂಜೆ ಹೋಗುವುದೆಂದರೆ ರಾಮಾಂಜನೇಯ ಗುಡ್ಡಕ್ಕೆ, ಅಲ್ಲಿ ಮೆಟ್ಟಿಲು ಜಾರುತ್ತದೆ. ಹೀಗಾಗಿ ಟಿವಿ. ಮಗಳಿಗೆ ಆರು ವರ್ಷ, ಶಾಲೆಯಿಂದ ಇಂಗ್ಲಿಷ್ ಹೊತ್ತು ತರುತ್ತಾಳೆ. ಅಮ್ಮ ತಿಪಟೂರಿನವರು, ಇಂಗ್ಲಿಷಿನ ಗಂಧ ಇಲ್ಲ, ಆದರೆ ಕಥೆ ಅಂದರೆ ಕುಕ್ಕರ್ ಕೂಗಿದರೂ ಏಳುವುದಿಲ್ಲ. ಇವರಿಬ್ಬರ ನಡುವೆ ಸೋಫಾದಲ್ಲಿ ಕೂತು ಪುಕ್ಕಟೆ ಡಬ್ಬಿಂಗ್ ಮಾಡುವವನು ನಾನು. ಚಿಂಟು ಟಿವಿಯಲ್ಲಿ ಡೋರಾ ಕನ್ನಡ ಮಾತಾಡುತ್ತಿದ್ದ ಕಾಲಕ್ಕೆ ನನಗೆ ಮಕ್ಕಳಿರಲಿಲ್ಲ, ಈಗ ಮಗು ಇದೆ, ಡೋರಾ ಇಲ್ಲ.

ಮಗಳಿಗೆ ಆಗ ಮತ್ಸ್ಯಕನ್ಯೆಯ ಹುಚ್ಚು. ಚೀಲದ ಮೇಲೆ ಮತ್ಸ್ಯಕನ್ಯೆ, ನೀರಿನ ಬಾಟಲಿಯ ಮೇಲೆ ಮತ್ಸ್ಯಕನ್ಯೆ. ಸರಿ, ಒಂದೇ ಕಥೆಯ ಮೇಲೆ ಬಂದ ನಾಲ್ಕು ಅನಿಮೇಶನ್ ಸಿನಿಮಾಗಳನ್ನು ನಾಲ್ಕು ಭಾನುವಾರ ನೋಡೋಣ, ಯಾವುದು ಈ ಮನೆಗೆ ಹೊಂದುತ್ತದೋ ತಿಳಿಯಲಿ ಅಂತ ಹೊರಟೆವು. ಮೂಲ ಕಥೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಎಂಬ ಡೇನಿಶ್ ಲೇಖಕ 1837ರಲ್ಲಿ ಪ್ರಕಟಿಸಿದ್ದು. ಅದು ಚೀಲದ ಮೇಲಿನ ಚಿತ್ರದಷ್ಟು ಮುದ್ದಾದ ಕಥೆಯಲ್ಲ. ರಾಜಕುಮಾರನಿಗಾಗಿ ಕಾಲು ಬೇಕು ಅಂತ ಬಂದವಳ ನಾಲಿಗೆಯನ್ನು ಮಾಟಗಾತಿ ಕತ್ತರಿಸಿಕೊಳ್ಳುತ್ತಾಳೆ. ಸಿಕ್ಕ ಕಾಲಿನಲ್ಲಿ ಇಡುವ ಒಂದೊಂದು ಹೆಜ್ಜೆಯೂ ಚೂರಿಯ ಮೇಲೆ ಇಟ್ಟ ಹಾಗೆ. ಕೊನೆಗೆ ಆ ರಾಜಕುಮಾರ ಬೇರೆಯವಳನ್ನು ಮದುವೆಯಾಗುತ್ತಾನೆ, ಇವಳು ನೊರೆಯಾಗುತ್ತಾಳೆ.

ಮೊದಲ ಭಾನುವಾರ ಎಲ್ಲರಿಗೂ ಗೊತ್ತಿರುವ 1989ರ ಡಿಸ್ನಿ ಸಿನಿಮಾ. ಏರಿಯಲ್ ಎಂಬ ಹದಿನಾರರ ಹುಡುಗಿ, ಕೆಂಪು ಕೂದಲು, ಸೆಬಾಸ್ಟಿಯನ್ ಎಂಬ ಏಡಿ. ಹಾಡುಗಳು ಹೋವರ್ಡ್ ಆಶ್‌ಮನ್ ಮತ್ತು ಆಲನ್ ಮೆಂಕನ್ ಜೋಡಿಯವು. ಸಂಗೀತಕ್ಕೊಂದು, ಹಾಡಿಗೊಂದು ಆಸ್ಕರ್ ಬಂದಿದೆ. ಬಂದಿದ್ದು ನ್ಯಾಯವೇ. ಸಮುದ್ರದ ತಳದ ಆ ಹಾಡು ಶುರುವಾದಾಗ ಮಗಳು ಸೋಫಾ ಮೇಲೆ ಹತ್ತಿ ಕುಣಿದಳು. ನಾನು ಅಮ್ಮನಿಗಾಗಿ ಸಾಲು ಸಾಲೇ ಕನ್ನಡ ಮಾಡಲು ಹೋದೆ. ಎರಡನೇ ಸಾಲಿಗೆ ಉಸಿರುಗಟ್ಟಿತು, ಮೂರನೆಯದಕ್ಕೆ ಮಗಳು ತಿರುಗಿ, "ಅಪ್ಪಾ, ಸುಮ್ನಿರು" ಅಂದಳು. ಡಬ್ಬಿಂಗ್ ಪರೀಕ್ಷೆಯಲ್ಲಿ ಈ ಸಿನಿಮಾ ಅಲ್ಲೇ ಫೇಲು. ಹಾಡಿನಲ್ಲೇ ಕಥೆ ಮುಂದೆ ಹೋಗುತ್ತದೆ, ಹಾಡು ಗೊತ್ತಾಗದವರು ದಡದಲ್ಲೇ ಉಳಿಯುತ್ತಾರೆ.

ಅಮ್ಮ ಮಾತ್ರ ದಡದಲ್ಲಿ ಉಳಿಯುವವರಲ್ಲ. ಮಾಟಗಾತಿ ಅರ್ಸುಲಾ ಬಂದಕೂಡಲೇ ಕನ್ನಡಕ ಒರೆಸಿಕೊಂಡರು. "ಇವಳು ಧಾರಾವಾಹಿ ಅತ್ತೆ ಕಣೋ." ಅಷ್ಟೇ, ಆಮೇಲೆ ಅವರಿಗೆ ನನ್ನ ಅನುವಾದ ಬೇಕಾಗಲಿಲ್ಲ. ಅಡುಗೆಭಟ್ಟ ಮೀನು ಕತ್ತರಿಸುತ್ತ ಹಾಡುವಾಗ ಮಾತ್ರ ಸೆರಗು ಮುಖಕ್ಕೆ ಹೋಯಿತು.

ನಡುವೆ ಒಂದು ಘಟನೆ. ಏರಿಯಲ್ ತನ್ನ ಧ್ವನಿಯನ್ನು ಮಾಟಗಾತಿಗೆ ಒಪ್ಪಿಸುವ ಜಾಗದಲ್ಲಿ ನಾನು ಅವಸರದಲ್ಲಿ, "ನೋಡಮ್ಮ, ಕಾಲಿಗೋಸ್ಕರ ಅವಳು ಮಾತು ಕೊಟ್ಟುಬಿಟ್ಟಳು" ಅಂದೆ. ಅಮ್ಮ ತಕ್ಷಣ, "ಏನಂತ ಮಾತು ಕೊಟ್ಟಳು?" ಅಂದರು. ಅವರು ಕೇಳಿದ್ದು ಆಣೆಯ ಬಗ್ಗೆ, ನಾನು ಹೇಳಿದ್ದು ಗಂಟಲಿನ ಬಗ್ಗೆ. ಇಂಥಾ ಅನುಕೂಲ ಡೇನಿಶ್‌ನಲ್ಲಿ ಆಂಡರ್ಸನ್‌ಗೆ ಸಿಕ್ಕಿತ್ತೋ ಇಲ್ಲವೋ, ಕನ್ನಡದಲ್ಲಿ ನನಗೆ ಸುಮ್ಮನೆ ಬಂದು ಬಿತ್ತು. ಆಮೇಲೆ ಉಳಿದ ಮೂರು ಸಿನಿಮಾವನ್ನೂ ಈ ಒಂದು ಪ್ರಶ್ನೆಯಿಂದಲೇ ನೋಡಿದೆವು: ಇದರಲ್ಲಿ ಯಾರು ಮಾತು ಕೊಡುತ್ತಾರೆ, ಅದಕ್ಕೆ ಬೆಲೆ ಇದೆಯೋ ಇಲ್ಲವೋ?

ಹಾಗೆ ನೋಡಿದರೆ ಡಿಸ್ನಿಯದು ಸಾಲದ ವ್ಯವಹಾರ. ಧ್ವನಿ ಒಂದು ಚಿಪ್ಪಿನೊಳಗೆ ಅಡವಿರುತ್ತದೆ, ಮೂರು ದಿನದ ವಾಯಿದೆ, ಚಿಪ್ಪು ಒಡೆದರೆ ವಾಪಸ್. ಇನ್ನೊಂದು ಬದಲಾವಣೆ ನನಗೆ ಇದಕ್ಕಿಂತ ದೊಡ್ಡದು ಅನ್ನಿಸಿತು. ಆಂಡರ್ಸನ್‌ನಲ್ಲಿ ರಾಜಕುಮಾರ ಬೇರೆಯವಳನ್ನು ಮದುವೆಯಾಗುವುದು ಯಾರ ತಪ್ಪೂ ಅಲ್ಲ. ದಡದಲ್ಲಿ ತನ್ನನ್ನು ಕಂಡ ಇನ್ನೊಬ್ಬ ಹುಡುಗಿಯೇ ಕಾಪಾಡಿದ್ದು ಅಂತ ಅವನು ತಿಳಿದುಕೊಂಡಿರುತ್ತಾನೆ, ನಿಜ ಹೇಳಬೇಕಾದವಳಿಗೆ ನಾಲಿಗೆ ಇಲ್ಲ. ಡಿಸ್ನಿಯಲ್ಲಿ ಆ ಇನ್ನೊಬ್ಬಳು ವೇಷ ಹಾಕಿದ ಅರ್ಸುಲಾ, ರಾಜಕುಮಾರನಿಗೆ ಮಾಟ. ಯಾರ ತಪ್ಪೂ ಇಲ್ಲದೆ ನಡೆಯುವ ನೋವನ್ನು ಮಕ್ಕಳಿಗೆ ಹೇಳುವುದು ಕಷ್ಟ, ಖಳನಾಯಕಿ ಸಿಕ್ಕರೆ ಹಡಗಿನ ಮೂತಿಯಿಂದ ಚುಚ್ಚಿ ಮುಗಿಸಬಹುದು. ಅವಳು ಸತ್ತಾಗ ಅಮ್ಮ ಚಪ್ಪಾಳೆ ತಟ್ಟಿದರು ಅನ್ನುವುದನ್ನೂ ಹೇಳಬೇಕು.

ಎರಡನೇ ಭಾನುವಾರ 1968ರ ಸೋವಿಯತ್ ಚಿತ್ರ, ಸೊಯುಜ್‌ಮುಲ್ಟ್‌ಫಿಲ್ಮ್ ಸ್ಟುಡಿಯೋದ್ದು, ನಿರ್ದೇಶಕ ಇವಾನ್ ಅಕ್ಸೆಂಚುಕ್. ಅರ್ಧ ಗಂಟೆಯ ಒಳಗೇ ಮುಗಿಯುತ್ತದೆ. ಕೋಪನ್‌ಹೇಗನ್‌ನ ಮತ್ಸ್ಯಕನ್ಯೆಯ ವಿಗ್ರಹ ನೋಡಲು ಬಂದ ಪ್ರವಾಸಿಗರಿಂದ ಶುರುವಾಗಿ ಹಳೆಯ ಭಿತ್ತಿಚಿತ್ರದಂಥ ಚಪ್ಪಟೆ ಆಕಾರಗಳಿಗೆ ಹೋಗುತ್ತದೆ. ನನಗೆ ಕಣ್ಣಿಗೆ ಹಬ್ಬ. ಮಗಳಿಗೆ ಹತ್ತನೇ ನಿಮಿಷಕ್ಕೆ ಚಕ್ಕುಲಿ ನೆನಪಾಯಿತು. ಅಮ್ಮ ನಿದ್ದೆ ಹೋದರು. ಮುಂದಕ್ಕೆ.

ಮೂರನೆಯದು ನಾನು ಹೆದರಿಕೊಂಡೇ ಹಾಕಿದ್ದು. ಜಪಾನಿನ ತೋಯಿ ಸ್ಟುಡಿಯೋ 1975ರಲ್ಲಿ ಮಾಡಿದ ಸಿನಿಮಾ. ಇದರಲ್ಲಿ ಅವಳ ಹೆಸರು ಮರೀನಾ, ಜೊತೆಗೊಂದು ಡಾಲ್ಫಿನ್ ಮರಿ. ಯೂಟ್ಯೂಬ್‌ನಲ್ಲಿ ನಮಗೆ ಸಿಕ್ಕಿದ ಪ್ರತಿ ಮಸುಕು ಮಸುಕು, ಕ್ಯಾಸೆಟ್ಟಿನಿಂದ ತೆಗೆದ ಹಾಗಿತ್ತು. ಡಾಲ್ಫಿನ್‌ನ ಆಟ ನೋಡಿದರೆ ಎಳೆ ಮಕ್ಕಳ ಸಿನಿಮಾ ಅನ್ನಿಸುತ್ತದೆ, ಆದರೆ ಕೊನೆಯನ್ನು ಇವರು ಬದಲಿಸಿಲ್ಲ. ಅಕ್ಕಂದಿರು ತಮ್ಮ ಕೂದಲು ಕೊಟ್ಟು ಮಾಟಗಾತಿಯಿಂದ ಚೂರಿ ತರುತ್ತಾರೆ. ರಾಜಕುಮಾರನಿಗೆ ಇರಿದರೆ ಮತ್ತೆ ಮೀನಿನ ಬಾಲ ಬರುತ್ತದೆ, ಮನೆಗೆ ಹೋಗಬಹುದು. ಅವಳಿಗೆ ಕೈ ಬರುವುದಿಲ್ಲ. ಬೆಳಗಾಗುತ್ತದೆ, ಅವಳು ನೊರೆ.

ನಾನು ಡಬ್ಬಿಂಗ್ ನಿಲ್ಲಿಸಿದ್ದೆ. ಮಗಳು ಅಳುತ್ತಿದ್ದಳು, ಹಟದ ಅಳುವಲ್ಲ, ಸದ್ದಿಲ್ಲದ್ದು. ಹೆಂಡತಿ ಅಡುಗೆಮನೆಯಿಂದ ಬಂದು ನನ್ನನ್ನು ನೋಡಿದ ನೋಟ ಇನ್ನೂ ಬೆನ್ನ ಮೇಲಿದೆ. ಆಗ ಅಮ್ಮ ಮಗುವನ್ನು ತೊಡೆಗೆಳೆದುಕೊಂಡು ಸಮಾಧಾನ ಮಾಡಲಿಲ್ಲ, ಗೋವಿನ ಹಾಡು ಶುರು ಮಾಡಿದರು. ಪುಣ್ಯಕೋಟಿ ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದು ಹುಲಿಗೆ ಮಾತು ಕೊಟ್ಟು ಹೋಗುವುದು, ತಿರುಗಿ ಬರುವುದು, ಅದನ್ನು ಕಂಡ ಅರ್ಬುತ ಹುಲಿ ತಾನೇ ಹಾರಿ ಪ್ರಾಣ ಬಿಡುವುದು. ಪೂರ್ತಿ ಹಾಡಿ, "ಆ ಹಸು ಬಾಯಿಗೆ ಬಂದು ಬಿದ್ದರೂ ಹುಲಿ ತಿನ್ನಲಿಲ್ಲ. ಈ ಹುಡುಗಿ ಕೈಲಿ ಚೂರಿ ಇದ್ದರೂ ಇರಿಯಲಿಲ್ಲ. ಅವಳು ಹುಲಿ" ಅಂದರು.

ನಾನು ಇಷ್ಟು ಹೊತ್ತೂ ಮತ್ಸ್ಯಕನ್ಯೆಯನ್ನು ಪುಣ್ಯಕೋಟಿ ಅಂದುಕೊಂಡಿದ್ದೆ. ಮಾತು ಕೊಟ್ಟವಳು ಅವಳಲ್ಲವೇ! ಅಮ್ಮನ ಲೆಕ್ಕ ಬೇರೆ, ಯೋಚಿಸಿದಷ್ಟೂ ಅದೇ ಸರಿ ಅನ್ನಿಸುತ್ತದೆ. ತಿನ್ನುವ ಹಕ್ಕು ಇದ್ದೂ ತಿನ್ನದೆ ಹೋದ ಪ್ರಾಣಿ ಅದು. ನಾವೆಲ್ಲ ಮೂರು ನಾಲ್ಕು ವರ್ಷಕ್ಕೇ ಆ ಹುಲಿಯ ಸಾವನ್ನು ಕೇಳಿ ಬೆಳೆದವರು, ಪ್ರತಿ ಸಲ ಅತ್ತವರು, ಮತ್ತೆ ಹಾಡು ಅಂತ ಪೀಡಿಸಿದವರು. ಇತ್ತೀಚೆಗೆ ಮಕ್ಕಳಿಗಾಗಿ ಮಾಡಿದ ಒಂದು ಗೋವಿನ ಹಾಡಿನ ಅನಿಮೇಶನ್ ವಿಡಿಯೋ ನೋಡಿದೆ, ಅದರಲ್ಲಿ ಹುಲಿ ತಲೆ ತಗ್ಗಿಸಿ ಕಾಡಿನೊಳಗೆ ಹೊರಟುಹೋಗುತ್ತದೆ. ಮಗಳೇ, "ಸಾಯಲ್ವಾ?" ಅಂತ ಕೇಳಿದಳು. ಬೆಂಗಳೂರಿನ ವಿ. ರವಿಶಂಕರ್ ಜನರಿಂದ ಚಂದಾ ಎತ್ತಿ ಇದೇ ಪುಣ್ಯಕೋಟಿಯನ್ನು ಪೂರ್ಣ ಪ್ರಮಾಣದ ಅನಿಮೇಶನ್ ಸಿನಿಮಾ ಮಾಡಿದರು, ಇಳಯರಾಜ ಸಂಗೀತ, 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು, ಭಾಷೆ ಸಂಸ್ಕೃತ. ನಮ್ಮ ಹಸುವಿಗೂ ನಾನೇ ಕನ್ನಡ ಡಬ್ಬಿಂಗ್ ಮಾಡಬೇಕಾಯಿತಲ್ಲ ಅಂತ ನಗು ಬಂತು.

ಆಂಡರ್ಸನ್‌ನ ಪರವಾಗಿಯೂ ವಿರೋಧವಾಗಿಯೂ ಒಂದು ಮಾತು. ಅವನ ಕಥೆ ನೊರೆಗೇ ನಿಲ್ಲುವುದಿಲ್ಲ. ಅವಳು ಗಾಳಿಯ ಮಗಳಾಗುತ್ತಾಳೆ, ಮುನ್ನೂರು ವರ್ಷ ಒಳ್ಳೆಯ ಕೆಲಸ ಮಾಡಿದರೆ ಅವಳಿಗೆ ಆತ್ಮ ಸಿಗುತ್ತದೆ. ಒಳ್ಳೆಯ ಮಗುವೊಂದು ಕಂಡರೆ ಒಂದು ವರ್ಷ ಕಡಿತ, ತುಂಟ ಮಗು ಕಂಡರೆ ಅವಳು ಅಳುತ್ತಾಳೆ, ಒಂದೊಂದು ಹನಿಗೂ ಒಂದೊಂದು ದಿನ ಹೆಚ್ಚು. ಮಗಳಿಗೆ ಇದನ್ನು ಓದಿ ಹೇಳಿದ್ದು ನನ್ನ ತಪ್ಪು. ಮೂರು ದಿನ ಹಾಲಿನ ಲೋಟ ತಾನೇ ತೊಳೆದಿಟ್ಟಳು. ನಾಲ್ಕನೇ ದಿನ, "ಅವಳು ನಮ್ಮನೆಗೆ ಬರಲ್ಲ, ಕಿಟಕಿಗೆ ಸೊಳ್ಳೆ ಪರದೆ ಇದೆ" ಎಂದು ತೀರ್ಮಾನಿಸಿದಳು.

ನಾಲ್ಕನೇ ಭಾನುವಾರ 'ಪೊನ್ಯೊ'. ಜಪಾನಿನ ನಿರ್ದೇಶಕ ಹಯಾವೊ ಮಿಯಾಜಾಕಿಯ 2008ರ ಸಿನಿಮಾ. ಇಂಗ್ಲಿಷ್ ಡಬ್ಬಿಂಗ್ ಇದ್ದರೂ ಬೇಕೆಂದೇ ಜಪಾನಿ ಧ್ವನಿ ಇಟ್ಟೆ. ಇದರ ಫಲ ನಾನು ಎಣಿಸಿರಲಿಲ್ಲ. ಮೊದಲ ಮೂರು ವಾರ ಮಗಳಿಗೆ ಅರ್ಥವಾಗಿದ್ದು ಅಜ್ಜಿಗೆ ಆಗುತ್ತಿರಲಿಲ್ಲ, ಅಜ್ಜಿ ಕೇಳಿದರೆ ಮಗಳಿಗೆ ರೇಗುತ್ತಿತ್ತು. ಜಪಾನಿ ಯಾರಿಗೂ ಬಾರದು! ಸಬ್‌ಟೈಟಲ್ ಓಡುವ ವೇಗಕ್ಕೆ ಮಗಳ ಓದು ಸಾಲದು. ಅಜ್ಜಿ ಮೊಮ್ಮಗಳು ಇಬ್ಬರೂ ನನ್ನ ಬಾಯಿ ನೋಡಿಕೊಂಡು ಕೂತರು. ಆದರೆ ಹದಿನೈದು ನಿಮಿಷಕ್ಕೆ ನನ್ನ ಕೆಲಸವೇ ಕಡಿಮೆಯಾಯಿತು, ಏಕೆಂದರೆ ಈ ಸಿನಿಮಾಕ್ಕೆ ಮಾತು ಹೆಚ್ಚು ಬೇಕಿಲ್ಲ. ಸುಮಾರು 1,70,000 ಚಿತ್ರಗಳನ್ನು ಕೈಯಲ್ಲಿ ಬರೆದಿದ್ದಾರೆ. ಬಿರುಗಾಳಿಯಲ್ಲಿ ಅಲೆಗಳೇ ದೊಡ್ಡ ಮೀನುಗಳಾಗಿ ಏಳುತ್ತವೆ, ಅವುಗಳ ಬೆನ್ನ ಮೇಲೆ ಕೆಂಪು ಅಂಗಿಯ ಹುಡುಗಿ ಓಡಿ ಬರುತ್ತಾಳೆ, ಪಕ್ಕದ ರಸ್ತೆಯಲ್ಲಿ ಹುಡುಗನ ತಾಯಿ ಲೀಸಾ ಕಾರು ಹಾರಿಸುತ್ತಾಳೆ. "ಇವಳಿಗೆ ಲೈಸೆನ್ಸ್ ಕೊಟ್ಟವನು ಯಾರು?" ಅಮ್ಮ ಇಷ್ಟೇ ಅಂದಿದ್ದು.

ಡಬ್ಬಿಂಗ್‌ನಲ್ಲಿ ಒಂದೇ ಕಡೆ ಸಿಕ್ಕಿಬಿದ್ದೆ. ಆ ಮೀನು ಹುಡುಗಿ ಪೊನ್ಯೊಗೆ ಹ್ಯಾಮ್ ಅಂದರೆ ಪ್ರಾಣ. ಅಮ್ಮನ ಮುಂದೆ ಹಂದಿ ಮಾಂಸ ಅನ್ನುವುದು ಹೇಗೆ? ಪನೀರ್ ಅಂದೆ. ಮಗಳು ಟಿವಿಯತ್ತ ನೋಡಿ, ನನ್ನತ್ತ ನೋಡಿ, ಏನೂ ಹೇಳದೆ ನಕ್ಕಳು. ಆವತ್ತಿನಿಂದ ಅವಳ ಬಳಿ ನನ್ನದೊಂದು ಗುಟ್ಟು ಅಡವಿದೆ. ಇನ್ನೊಂದು ಪರಿಣಾಮ: ಸಿನಿಮಾದ ಹುಡುಗ ಸೋಸುಕೆ ತನ್ನ ತಾಯಿಯನ್ನು ಹೆಸರು ಹಿಡಿದು ಕರೆಯುತ್ತಾನೆ. ನಮ್ಮನೆಯಲ್ಲೂ ಒಂದು ವಾರ ಅದೇ ನಡೆಯಿತು. ಹೆಂಡತಿ ಈ ಪ್ರಯೋಗವನ್ನೆಲ್ಲ ಯಾರು ಶುರು ಮಾಡಿದ್ದು ಅಂತ ಮತ್ತೊಮ್ಮೆ ವಿಚಾರಿಸಿದಳು.

ಇಲ್ಲಿ ಮತ್ಸ್ಯಕನ್ಯೆ ಧ್ವನಿ ಕಳೆದುಕೊಳ್ಳುವುದಿಲ್ಲ, ಬದಲಿಗೆ ಮಾತು ಕಲಿಯುತ್ತಾಳೆ. ಮಾತು ಕೊಡುವವನು ಐದು ವರ್ಷದ ಹುಡುಗ: ನಿನ್ನನ್ನು ನಾನು ಕಾಪಾಡುತ್ತೇನೆ. ಅವನು ತಪ್ಪಿದರೆ ಅವಳು ನೊರೆ. ಆ ಭಯವನ್ನು ಮಿಯಾಜಾಕಿ ತೆಗೆದುಹಾಕಿಲ್ಲ, ಒಂದು ಮಾತಿನಲ್ಲಿ ಹೇಳಿ ಬಿಡುತ್ತಾನೆ. ಊರು ಮುಳುಗಿದ ಮೇಲೆ ರಸ್ತೆಯ ಮೇಲೆ ಪುರಾತನ ಮೀನುಗಳು ಈಜುತ್ತವೆ, ಜನ ದೋಣಿಯಲ್ಲಿ ನಗುತ್ತ ಹೋಗುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯ ಕಡೆ ಜನರನ್ನು ಟ್ರ್ಯಾಕ್ಟರ್ ಮೇಲೆ ಸಾಗಿಸಿದ್ದನ್ನು ಕಂಡ ಊರಿನವರು ನಾವು, ಯಾರೂ ಅಷ್ಟು ನಗುತ್ತಿರಲಿಲ್ಲ. ಕೊನೆಗೆ ಹುಡುಗ ಮಾತು ಉಳಿಸಿಕೊಳ್ಳುತ್ತಾನೆ. ಅಮ್ಮ ತಲೆಯಾಡಿಸಿದರು. ಆದರೂ ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ: "ಚೆನ್ನಾಗಿದೆ. ಯಾರೂ ಏನೂ ಕಳಕೊಳ್ಳಲಿಲ್ಲವಲ್ಲ."

ಮನೆಯಲ್ಲಿ ಪುಟ್ಟ ಮಗು ಇದ್ದು ಒಂದೇ ಒಂದು ನೋಡುವುದಾದರೆ 'ಪೊನ್ಯೊ', ಅದೂ ಜಪಾನಿ ಧ್ವನಿಯಲ್ಲಿ; ಪಕ್ಕದಲ್ಲಿ ಕನ್ನಡ ಹೇಳಲು ಒಬ್ಬರು ಬೇಕು. ನೆಂಟರ ಮಕ್ಕಳು ಏಳೆಂಟು ಜನ ಸೇರಿದ ದಿನ ಡಿಸ್ನಿಯದು ಹಾಕಿ, ಮನೆಯಲ್ಲಿ ಗದ್ದಲವಿದ್ದರೂ ಅದು ತಡೆದುಕೊಳ್ಳುತ್ತದೆ. 1975ರದ್ದು ಅಜ್ಜಿ ಇರುವ ಮನೆಗೆ ಮಾತ್ರ. ನನ್ನ ಮಟ್ಟಿಗೆ ನಾಲ್ಕರಲ್ಲಿ ದೊಡ್ಡ ಸಿನಿಮಾ 'ಪೊನ್ಯೊ'ವೇ, ಮರೆಯಲಾಗದ್ದು ಆ ಮಸುಕು ಪ್ರತಿ.

ಹೋದ ವಾರ ವೈಟ್‌ಫೀಲ್ಡ್‌ನ ಅತ್ತೆ ಮನೆಗೆ ಹೋಗುವಾಗ ವರ್ತೂರು ಕೋಡಿಯಲ್ಲಿ ಟ್ರಾಫಿಕ್ ನಿಂತಿತ್ತು. ರಾತ್ರಿಯೆಲ್ಲ ಮಳೆ ಸುರಿದಿತ್ತು. ಕಾಲುವೆಯಿಂದ ಬಿಳಿ ನೊರೆ ಎದ್ದು, ತಂತಿಬೇಲಿ ದಾಟಿ, ತುಂಡು ತುಂಡಾಗಿ ಗಾಳಿಗೆ ರಸ್ತೆ ಮೇಲೆ ಹಾರುತ್ತಿತ್ತು. ಊರಿನ ಸೋಪು, ಚರಂಡಿ ನೀರು ಎಲ್ಲ ಬೆಳ್ಳಂದೂರು ಕೆರೆ ಹಾದು ಇಲ್ಲಿಗೆ ಬಂದು ಕಡೆದು ನೊರೆಯಾಗುತ್ತದೆ ಅಂತ ಹೇಳಲು ಹೊರಟಿದ್ದೆ. ಮಗಳು ಕಾರಿನ ಗಾಜಿಗೆ ಮೂಗು ಒತ್ತಿ ಕೂತಿದ್ದಳು.

"ಅಜ್ಜೀ," ಅಂದಳು, "ಇಷ್ಟೊಂದು ಮತ್ಸ್ಯಕನ್ಯೆಯರಾ?"